ಒಟ್ಟಿಗೆ ಏಳುವ, ಒಟ್ಟಿಗೆ ಬೀಳುವ ಕಾಡುಗಳು

ವ್ಯಾಪಾರಿಯ ಹಳೆಯ ಲೆಕ್ಕದ ಪುಸ್ತಕದಲ್ಲಿ ಕಾಡಿನ ಚರಿತ್ರೆ ಅಡಗಿರಲು ಸಾಧ್ಯವೆ? ಸಾಧ್ಯ ಎನ್ನುತ್ತದೆ ಕೆನಡಾದ ಅನುಭವ.

1670ರಲ್ಲಿ ಇಂಗ್ಲೆಂಡಿನಲ್ಲಿ ಸ್ಥಾಪನೆಯಾದ ಹಡ್ಸನ್ಸ್ ಬೇ ಕಂಪೆನಿಯ ಮುಖ್ಯ ಕಸುಬು ತುಪ್ಪಳದ ವ್ಯಾಪಾರ. ಉತ್ತರ ಅಮೆರಿಕದ ಹಿಮದ ಕಾಡುಗಳಲ್ಲಿ ಅಲ್ಲಿನ ಮೂಲನಿವಾಸಿಗಳು ಬೋನು, ಉರುಲು ಒಡ್ಡಿ ಹಿಡಿದ ಪ್ರಾಣಿಗಳ ಚರ್ಮವನ್ನು ಕಂಪೆನಿಯ ಠಾಣೆಗಳಿಗೆ ತಂದು ಮಾರುತ್ತಿದ್ದರು. ಯಾವ ವರ್ಷ, ಯಾವ ಪ್ರದೇಶದಿಂದ, ಯಾವ ಪ್ರಾಣಿಯ ಎಷ್ಟು ಚರ್ಮ ಬಂತು ಎಂಬುದನ್ನು ಗುಮಾಸ್ತರು ತಪ್ಪದೆ ಬರೆದಿಡುತ್ತಿದ್ದರು. ಅವರಿಗೆ ಬೇಕಾಗಿದ್ದುದು ಲಾಭ ನಷ್ಟದ ಲೆಕ್ಕ ಮಾತ್ರ. ಆದರೆ ಅವರಿಗೇ ಗೊತ್ತಿಲ್ಲದಂತೆ ಅವರು ಜೀವವಿಜ್ಞಾನದ ಒಂದು ಅಪೂರ್ವ ದಾಖಲೆಯನ್ನು ಬರೆಯುತ್ತಿದ್ದರು.

ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಚಾರ್ಲ್ಸ್ ಎಲ್ಟನ್ 1920ರ ದಶಕದಲ್ಲಿ ಈ ಲೆಕ್ಕಗಳ ಬೆನ್ನು ಹತ್ತಿದರು. ಪ್ರಾಣಿಗಳ ಸಂಖ್ಯೆಯ ಏರಿಳಿತವನ್ನು ಕುರಿತು 1924ರಲ್ಲಿ ಅವರು ಪ್ರಕಟಿಸಿದ ಪ್ರಬಂಧ ಈ ಕ್ಷೇತ್ರದ ಮೊದಲ ಮೈಲಿಗಲ್ಲು. ಮುಂದೆ 1942ರಲ್ಲಿ ಮೇರಿ ನಿಕೋಲ್ಸನ್ ಅವರೊಡನೆ ಸೇರಿ ಲಿಂಕ್ಸ್ ಎಂಬ ಪ್ರಾಣಿಯ ಲೆಕ್ಕವನ್ನು ಜಗತ್ತಿನ ಮುಂದಿಟ್ಟರು.

ಲಿಂಕ್ಸ್ ಬೆಕ್ಕಿನ ಜಾತಿಗೆ ಸೇರಿದ ಬೇಟೆಗಾರ ಪ್ರಾಣಿ. ಸುಮಾರು ಹತ್ತು ಕಿಲೋ ತೂಕ, ಮೋಟು ಬಾಲ, ಕಿವಿಯ ತುದಿಯಲ್ಲಿ ಕಪ್ಪು ಕೂದಲಿನ ಜುಟ್ಟು, ಹಿಮದಲ್ಲಿ ಹೂತುಹೋಗದಂಥ ಅಗಲ ಪಾದ. ಅದರ ಮುಖ್ಯ ಆಹಾರ ಹಿಮಮೊಲ. ಈ ಮೊಲವೂ ವಿಚಿತ್ರದ್ದೇ. ಬೇಸಿಗೆಯಲ್ಲಿ ಕಂದು ಬಣ್ಣ, ಚಳಿಗಾಲದಲ್ಲಿ ಹಿಮದಂತೆ ಬಿಳಿ. ಇವೆರಡೂ ಸೇರಿ ಆಡಿರುವ ಆಟವೇ ಈ ಲೆಕ್ಕದ ಪುಸ್ತಕದಲ್ಲಿರುವ ಕಥೆ.

ಕಳೆಯುವ ಲೆಕ್ಕ ಬಲ್ಲವರಿಗೆಲ್ಲ

ಪೆನ್ಸಿಲ್ ಕೈಗೆತ್ತಿಕೊಳ್ಳಿ. ಕೆನಡಾದ ವಾಯವ್ಯ ಭಾಗದ ಮೆಕೆಂಜಿ ನದಿ ಪ್ರದೇಶದಲ್ಲಿ 1828ರಲ್ಲಿ 5,943 ಲಿಂಕ್ಸ್‌ಗಳು ಸಿಕ್ಕಿದ್ದವು. ನಾಲ್ಕೇ ವರ್ಷಗಳ ಬಳಿಕ, 1832ರಲ್ಲಿ, ಸಿಕ್ಕಿದ್ದು ಬರೀ 98! ಪ್ರಾಣಿ ನಿರ್ನಾಮವಾಯಿತು ಎಂದು ಯಾರಾದರೂ ಹೆದರಬೇಕು. ಆದರೆ 1838ರ ಹೊತ್ತಿಗೆ ಸಂಖ್ಯೆ ಮತ್ತೆ 3,409ಕ್ಕೆ ಏರಿತ್ತು. 1885ರಲ್ಲಿ 4,431, 1889ರಲ್ಲಿ 39, 1895ರಲ್ಲಿ 4,031. ಹೀಗೆ ತುಂಬುವುದು, ಬರಿದಾಗುವುದು, ಮತ್ತೆ ತುಂಬುವುದು.

ಈಗ ಸಂಖ್ಯೆ ಶಿಖರ ಮುಟ್ಟಿದ ವರ್ಷಗಳನ್ನು ಮಾತ್ರ ಸಾಲಾಗಿ ಬರೆಯಿರಿ: 1828, 1838, 1848, 1857, 1866, 1875, 1885, 1895, 1904, 1913. ಪ್ರತಿಯೊಂದರಿಂದ ಅದರ ಹಿಂದಿನದನ್ನು ಕಳೆಯಿರಿ. ಬರುವ ಉತ್ತರ 10, 10, 9, 9, 9, 10, 10, 9, 9. ಗೋಡೆ ಗಡಿಯಾರವಿಲ್ಲ, ಪಂಚಾಂಗವಿಲ್ಲ. ಆದರೂ ಕಾಡು ಒಂಬತ್ತು ಹತ್ತು ವರ್ಷಕ್ಕೊಮ್ಮೆ ತಪ್ಪದೆ ತಾಳ ಹಾಕಿದೆ.

ಇನ್ನೊಂದು ವಿಷಯವನ್ನೂ ಗಮನಿಸಬೇಕು. ಶಿಖರಗಳ ನಡುವಿನ ಅಂತರ ನಿಯಮಿತ, ಆದರೆ ಎತ್ತರ ನಿಯಮಿತವಲ್ಲ. 1866ರ ಶಿಖರ 6,721. ಅದರ ಮುಂದಿನ, ಅಂದರೆ 1875ರ ಶಿಖರ 2,251 ಮಾತ್ರ. ಹಬ್ಬ ಸರಿಯಾದ ದಿನಕ್ಕೇ ಬರುತ್ತದೆ, ಆದರೆ ಒಂದು ವರ್ಷ ಹೋಳಿಗೆ, ಇನ್ನೊಂದು ವರ್ಷ ಗಂಜಿ. ಈ ಮಾತು ಮುಂದೆ ಮತ್ತೆ ಬರಲಿದೆ, ನೆನಪಿರಲಿ.

ಹಸಿವು, ಹಲ್ಲು ಮತ್ತು ಹೆದರಿಕೆ

ಈ ಏರಿಳಿತಕ್ಕೆ ಕಾರಣವೇನು? ಗಣಿತದ ಮೂಲಕ ಮೊದಲು ಉತ್ತರ ಹೇಳಿದವರು ಇಬ್ಬರು. ಅಮೆರಿಕದ ಆಲ್‌ಫ್ರೆಡ್ ಲೋಟ್ಕಾ 1925ರಲ್ಲಿ, ಇಟಲಿಯ ವಿಟೊ ವೋಲ್ಟೆರಾ 1926ರಲ್ಲಿ ಬೇರೆ ಬೇರೆಯಾಗಿಯೇ ಒಂದೇ ಬಗೆಯ ಸಮೀಕರಣಗಳನ್ನು ಕೊಟ್ಟರು. ವೋಲ್ಟೆರಾ ಅವರನ್ನು ಈ ಪ್ರಶ್ನೆಗೆ ಎಳೆದವರು ಅವರ ಅಳಿಯ, ಜೀವಶಾಸ್ತ್ರಜ್ಞ ಉಂಬರ್ಟೊ ಡಂಕೋನಾ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಆಡ್ರಿಯಾಟಿಕ್ ಸಮುದ್ರದಲ್ಲಿ ಮೀನುಗಾರಿಕೆ ಕಡಿಮೆಯಾದಾಗ, ಮಾರುಕಟ್ಟೆಗೆ ಬರುವ ಮೀನುಗಳಲ್ಲಿ ಶಾರ್ಕ್‌ನಂಥ ಬೇಟೆಗಾರ ಮೀನುಗಳ ಪಾಲು ಹೆಚ್ಚಿದ್ದೇಕೆ ಎಂಬುದು ಅಳಿಯನ ಪ್ರಶ್ನೆಯಾಗಿತ್ತು.

ಸಮೀಕರಣವನ್ನು ಬದಿಗಿಟ್ಟು ಸಾರವನ್ನಷ್ಟೇ ಹೇಳುವುದಾದರೆ ಅದು ಹೀಗೆ. ಮೊಲ ಹೆಚ್ಚಿದರೆ ಲಿಂಕ್ಸ್‌ಗೆ ಸುಗ್ಗಿ, ಮರಿಗಳು ಹೆಚ್ಚು ಉಳಿಯುತ್ತವೆ. ಲಿಂಕ್ಸ್ ಹೆಚ್ಚಿದರೆ ಮೊಲಕ್ಕೆ ಕುತ್ತು. ಮೊಲ ಮುಗಿದರೆ ಲಿಂಕ್ಸ್‌ಗೆ ಉಪವಾಸ. ಲಿಂಕ್ಸ್ ಸತ್ತು ಕಡಿಮೆಯಾದ ಮೇಲೆ ಮೊಲಕ್ಕೆ ಮತ್ತೆ ಉಸಿರು. ಇಲ್ಲಿ ಮುಖ್ಯವಾದುದು ತಡ. ಮೊಲದ ಸಂಖ್ಯೆ ಇಳಿಯತೊಡಗಿದ ಒಂದೆರಡು ವರ್ಷದ ಬಳಿಕವಷ್ಟೇ ಲಿಂಕ್ಸ್‌ನ ಸಂಖ್ಯೆ ಇಳಿಯುತ್ತದೆ. ಈ ತಡವೇ ಚಕ್ರವನ್ನು ತಿರುಗಿಸುವ ಕೀಲಿ. ತಡವಿಲ್ಲದಿದ್ದರೆ ಎರಡೂ ಎಲ್ಲೋ ಒಂದು ಕಡೆ ನೆಲೆ ನಿಂತುಬಿಡುತ್ತಿದ್ದವು.

ಆದರೆ ಕಾಗದದ ಮೇಲಿನ ಉತ್ತರ ಕಾಡಿನಲ್ಲೂ ನಿಜವೆ? ಬೇಟೆಗಾರನಿಲ್ಲದಿದ್ದರೂ, ತಿನ್ನುವ ಚಿಗುರು ರೆಂಬೆಗಳು ಮುಗಿದು ಮೊಲಗಳು ಹಸಿವಿನಿಂದಲೇ ಸಾಯಬಹುದಲ್ಲ? ಇದನ್ನು ತಿಳಿಯಲು ಚಾರ್ಲ್ಸ್ ಕ್ರೆಬ್ಸ್ ಮತ್ತು ಸಂಗಡಿಗರು ಕೆನಡಾದ ಯೂಕಾನ್ ಪ್ರಾಂತದ ಕ್ಲುವಾನಿ ಸರೋವರದ ಬಳಿ ಎಂಟು ವರ್ಷ ಪ್ರಯೋಗ ನಡೆಸಿದರು. ಒಂದು ಚದರ ಕಿಲೋಮೀಟರಿನ ಕಾಡಿನ ತುಂಡುಗಳನ್ನು ಆರಿಸಿಕೊಂಡರು. ಒಂದು ಕಡೆ ಮೊಲಗಳಿಗೆ ಹೆಚ್ಚಿನ ಆಹಾರ ಹಾಕಿದರು. ಇನ್ನೊಂದು ಕಡೆ ಮೊಲ ನುಸುಳಬಹುದಾದ, ಲಿಂಕ್ಸ್ ನುಗ್ಗಲಾರದ ವಿದ್ಯುತ್ ಬೇಲಿ ಕಟ್ಟಿದರು. ಮೂರನೆಯ ಕಡೆ ಆಹಾರವನ್ನೂ ಹಾಕಿ ಬೇಲಿಯನ್ನೂ ಕಟ್ಟಿದರು. ಕೆಲವು ತುಂಡುಗಳನ್ನು ಇದ್ದಂತೆಯೇ ಬಿಟ್ಟರು.

1995ರಲ್ಲಿ ಪ್ರಕಟವಾದ ಫಲಿತಾಂಶ ಕುತೂಹಲಕರವಾಗಿತ್ತು. ಶಿಖರ ಮತ್ತು ಇಳಿತದ ಕಾಲದಲ್ಲಿ ಬೇಲಿ ಮಾತ್ರ ಇದ್ದಲ್ಲಿ ಮೊಲಗಳು ಎರಡು ಪಟ್ಟು. ಆಹಾರ ಮಾತ್ರ ಹಾಕಿದಲ್ಲಿ ಮೂರು ಪಟ್ಟು. ಎರಡೂ ಇದ್ದಲ್ಲಿ? ಎರಡು ಮೂರಲ ಆರು ಎಂದು ಯಾರಾದರೂ ಊಹಿಸುತ್ತಾರೆ. ಆದರೆ ಸಿಕ್ಕಿದ ಉತ್ತರ 11 ಪಟ್ಟು! ಅಂದರೆ ಹಸಿವು ಮತ್ತು ಹಲ್ಲು ಬೇರೆ ಬೇರೆಯಾಗಿ ಕೆಲಸ ಮಾಡುವುದಿಲ್ಲ, ಕೈ ಜೋಡಿಸುತ್ತವೆ. ಹಸಿದ ಮೊಲ ಆಹಾರ ಹುಡುಕುತ್ತ ಮರೆಯಿಂದ ಆಚೆ ಬರುತ್ತದೆ, ಆಚೆ ಬಂದದ್ದು ಲಿಂಕ್ಸ್‌ನ ಬಾಯಿಗೆ ಬೀಳುತ್ತದೆ.

ಇದಕ್ಕೆ ಮೂರನೆಯದೊಂದು ಸಂಗತಿಯೂ ಸೇರಿದೆ. ಅದು ಹೆದರಿಕೆ. 2009ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಬಸುರಿ ಮೊಲಗಳಿದ್ದ ಆವರಣಕ್ಕೆ ಪಳಗಿಸಿದ ನಾಯಿಯೊಂದನ್ನು ದಿನ ಬಿಟ್ಟು ದಿನ ಒಂದೆರಡು ನಿಮಿಷ ಬಿಡಲಾಯಿತು. ನಾಯಿ ಕಚ್ಚಲಿಲ್ಲ. ಆದರೂ ಹೆದರಿದ ತಾಯಂದಿರಲ್ಲಿ ಜೀವಂತ ಮರಿ ಹಾಕಿದವು ಕಡಿಮೆ, ಹುಟ್ಟಿದ ಮರಿಗಳೂ ತೂಕದಲ್ಲಿ ಕಡಿಮೆ. ಲಿಂಕ್ಸ್‌ಗಳು ಸತ್ತು ಕಡಿಮೆಯಾದ ಮೇಲೂ ಮೊಲಗಳ ಸಂಖ್ಯೆ ಕೆಲವು ವರ್ಷ ಏಳದೆ ನೆಲಕಚ್ಚಿರುವುದಕ್ಕೆ ಇದೂ ಒಂದು ಕಾರಣವೆಂದು ಸಂಶೋಧಕರು ಭಾವಿಸುತ್ತಾರೆ.

ಎಲ್ಲ ಕಡೆಯೂ ಒಟ್ಟಿಗೇ ಏಕೆ?

ಒಂದು ಕಾಡಿನ ಏರಿಳಿತ ಇದರಿಂದ ಅರ್ಥವಾಯಿತು. ಆದರೆ ಎಲ್ಟನ್ ಅವರನ್ನು ಇದಕ್ಕಿಂತಲೂ ಹೆಚ್ಚು ಬೆರಗುಗೊಳಿಸಿದ ಸಂಗತಿ ಇನ್ನೊಂದಿತ್ತು. ಪೂರ್ವದ ಕ್ವಿಬೆಕ್‌ನಿಂದ ವಾಯವ್ಯದ ಯೂಕಾನ್‌ವರೆಗೆ, ಸಾವಿರಾರು ಕಿಲೋಮೀಟರ್ ಉದ್ದಕ್ಕೂ, ಕೆಲವೇ ವರ್ಷಗಳ ಹಿಂದುಮುಂದಾಗಿ ಲಿಂಕ್ಸ್‌ಗಳು ಜೊತೆಜೊತೆಯಾಗಿ ಏರಿ ಜೊತೆಜೊತೆಯಾಗಿ ಇಳಿಯುತ್ತಿದ್ದವು. ಒಂದು ಮೂಲೆಯ ಮೊಲಕ್ಕೂ ಇನ್ನೊಂದು ಮೂಲೆಯ ಮೊಲಕ್ಕೂ ಎಲ್ಲಿಯ ಸಂಬಂಧ?

ಮೊದಲಿಗೆ ಬಿದ್ದದ್ದು ಸೂರ್ಯನ ಮೇಲೆ ಅನುಮಾನ. ಸೂರ್ಯನ ಮೇಲಿನ ಕಲೆಗಳು ಸರಾಸರಿ 11 ವರ್ಷಕ್ಕೊಮ್ಮೆ ಹೆಚ್ಚುತ್ತವೆ. ಎಲ್ಟನ್ ಕೂಡ ಮೊದಲು ಇದೇ ದಾರಿಯಲ್ಲಿ ಯೋಚಿಸಿದ್ದರು. ಆದರೆ ಮೇಲೆ ಬರೆದ ಪಟ್ಟಿಯನ್ನು ಮತ್ತೆ ನೋಡಿ. 1828ರಿಂದ 1904ರವರೆಗಿನ 76 ವರ್ಷಗಳಲ್ಲಿ ಲಿಂಕ್ಸ್ ಎಂಟು ಸುತ್ತು ಮುಗಿಸಿದೆ. ಹನ್ನೊಂದು ವರ್ಷದ ಲೆಕ್ಕದಲ್ಲಿ ಸೂರ್ಯ ಮುಗಿಸುವುದು ಏಳೇ ಸುತ್ತು. ಜೊತೆಗೆ ಹೊರಟವರಲ್ಲಿ ಒಬ್ಬ ಒಂದು ಪೂರ್ತಿ ಸುತ್ತು ಮುಂದೆ ಹೋದ ಮೇಲೆ ಅವರನ್ನು ಜೋಡಿ ಎನ್ನಲಾಗದು.

ಸರಿಯಾದ ದಾರಿ ತೋರಿಸಿದವರು ಆಸ್ಟ್ರೇಲಿಯಾದ ಸಂಖ್ಯಾಶಾಸ್ತ್ರಜ್ಞ ಪ್ಯಾಟ್ರಿಕ್ ಮೊರಾನ್. 1953ರಲ್ಲಿ ಅವರು ಹೇಳಿದ್ದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಹಳ್ಳಿಯ ತೋಪಿನಲ್ಲಿ ಎರಡು ಮರಗಳಿಗೆ ಒಂದೇ ಉದ್ದದ ಹಗ್ಗದ ಎರಡು ಉಯ್ಯಾಲೆ ಕಟ್ಟಿದೆ ಎಂದುಕೊಳ್ಳಿ. ಹಗ್ಗದ ಉದ್ದ ಒಂದೇ ಆದ್ದರಿಂದ ಎರಡೂ ತೂಗುವ ವೇಗ ಒಂದೇ. ಆದರೆ ಒಂದು ಮುಂದೆ ಹೋದಾಗ ಇನ್ನೊಂದು ಹಿಂದೆ ಇರಬಹುದು. ಈಗ ಬಿಟ್ಟು ಬಿಟ್ಟು ಗಾಳಿ ಬೀಸುತ್ತದೆ. ಒಂದೇ ಗಾಳಿ ಎರಡನ್ನೂ ಒಂದೇ ಗಳಿಗೆಯಲ್ಲಿ ಒಂದೇ ದಿಕ್ಕಿಗೆ ತಳ್ಳುತ್ತದೆ. ಹೀಗೆ ಎಷ್ಟೋ ಸಲ ತಳ್ಳಿಸಿಕೊಂಡ ಮೇಲೆ ಎರಡೂ ಉಯ್ಯಾಲೆಗಳು ಜೊತೆಯಾಗಿ ತೂಗತೊಡಗುತ್ತವೆ. ಗಾಳಿಗೆ ತಾಳವಿಲ್ಲ, ಅದು ಹೇಗೆಂದರೆ ಹಾಗೆ ಬೀಸುತ್ತದೆ. ತಾಳ ಉಯ್ಯಾಲೆಯದು. ಗಾಳಿ ಮಾಡಿದ್ದು ಹೆಜ್ಜೆ ಕೂಡಿಸುವ ಕೆಲಸ ಮಾತ್ರ.

ಕಾಡಿನ ಮಟ್ಟಿಗೆ ಹಗ್ಗವೆಂದರೆ ಚಿಗುರು, ಮೊಲ, ಲಿಂಕ್ಸ್‌ಗಳ ಒಳಗಿನ ವ್ಯವಹಾರ. ಗಾಳಿಯೆಂದರೆ ಹವಾಮಾನ. ದೂರದ ಎರಡು ಕಾಡುಗಳ ಒಳವ್ಯವಹಾರ ಒಂದೇ ಬಗೆಯದಾಗಿದ್ದು, ಅವುಗಳ ಮಳೆ, ಹಿಮ, ಚಳಿಗಳಲ್ಲಿ ಎಷ್ಟು ಹೋಲಿಕೆ ಇದೆಯೋ ಅಷ್ಟೇ ಹೋಲಿಕೆ ಅವುಗಳ ಪ್ರಾಣಿಗಳ ಏರಿಳಿತದಲ್ಲೂ ಕಾಣುತ್ತದೆ ಎಂಬುದು ಮೊರಾನ್ ಅವರ ಸೂತ್ರ. ಇಂದು ಇದಕ್ಕೆ ಮೊರಾನ್ ಪರಿಣಾಮ ಎಂದೇ ಹೆಸರು.

ಇನ್ನೊಂದು ಕಾರಣವೂ ಉಂಟು. ಮೊಲ ಮುಗಿದ ಕಾಡಿನಲ್ಲಿ ಲಿಂಕ್ಸ್ ಸುಮ್ಮನೆ ಕೂರುವುದಿಲ್ಲ, ವಲಸೆ ಹೊರಡುತ್ತದೆ. ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ನಡೆದ ಲಿಂಕ್ಸ್‌ಗಳು ದಾಖಲಾಗಿವೆ. ಹೋದ ಕಡೆಯ ಮೊಲಗಳಿಗೂ ಅದು ಕುತ್ತು ತರುತ್ತದೆ. ಎರಡು ಉಯ್ಯಾಲೆಗಳ ನಡುವೆ ಸಡಿಲವಾದ ದಾರವೊಂದನ್ನು ಕಟ್ಟಿದಂತೆ ಇದು. 1999ರಲ್ಲಿ ಬ್ಲೇಸಿಯಸ್, ಹಪ್ಪರ್ಟ್ ಮತ್ತು ಸ್ಟೋನ್ ಎಂಬ ವಿಜ್ಞಾನಿಗಳು ಗಣಿತದ ಮಾದರಿಯಿಂದ ತೋರಿಸಿದ್ದು ಇದನ್ನೇ. ನೆರೆಹೊರೆಯ ಕಾಡುಗಳ ನಡುವೆ ಅಲ್ಪಸ್ವಲ್ಪ ವಲಸೆಯಿದ್ದರೂ ಸಾಕು, ಶಿಖರದ ಕಾಲ ಕೂಡಿಬರುತ್ತದೆ. ಆದರೆ ಶಿಖರದ ಎತ್ತರ ಮಾತ್ರ ಆಯಾ ಕಾಡಿನ ಇಷ್ಟದಂತೆ ಅಡ್ಡಾದಿಡ್ಡಿಯಾಗಿಯೇ ಉಳಿಯುತ್ತದೆ. ಹೋಳಿಗೆ ಮತ್ತು ಗಂಜಿಯ ಮಾತು ಇಲ್ಲಿ ನೆನಪಾಗಬೇಕು.

ಹವಾಮಾನವೊಂದೇ ಹೀಗೆ ಹೆಜ್ಜೆ ಕೂಡಿಸಬಲ್ಲದೆ? ವಲಸೆಯೇ ಸಾಧ್ಯವಿಲ್ಲದ ಜಾಗ ಸಿಕ್ಕಿದರೆ ಪರೀಕ್ಷಿಸಬಹುದು. ಅಂಥ ಜಾಗ ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಅಟ್ಲಾಂಟಿಕ್ ಸಾಗರದಲ್ಲಿರುವ ಸೇಂಟ್ ಕಿಲ್ಡಾ ದ್ವೀಪಗಳು. 1930ರಲ್ಲಿ ಅಲ್ಲಿನ ಕೊನೆಯ 36 ನಿವಾಸಿಗಳೂ ಊರು ತೊರೆದರು. ಇಂದು ಹಿರ್ತಾ ಮತ್ತು ಬೋರರೇ ಎಂಬ ಎರಡು ದ್ವೀಪಗಳಲ್ಲಿ ಕುರಿಗಳು ಕಾಯುವವರಿಲ್ಲದೆ ಬದುಕಿವೆ. ನಡುವೆ ಸಮುದ್ರ, ಒಂದು ದ್ವೀಪದ ಕುರಿ ಇನ್ನೊಂದಕ್ಕೆ ಹೋಗಲಾರದು. ಆದರೂ 40 ವರ್ಷಗಳ ಎಣಿಕೆಯಲ್ಲಿ ಎರಡರ ಏರಿಳಿತವೂ ಅಚ್ಚರಿಯಷ್ಟು ಹೊಂದಿಕೊಂಡಿತ್ತು ಎಂದು 1998ರಲ್ಲಿ ಬ್ರಯಾನ್ ಗ್ರೆನ್‌ಫೆಲ್ ಮತ್ತು ಸಂಗಡಿಗರು ವರದಿ ಮಾಡಿದರು. ಎರಡೂ ದ್ವೀಪಗಳನ್ನು ಒಟ್ಟಿಗೆ ಹೊಡೆಯುತ್ತಿದ್ದುದು ಒಂದೇ ಬಿರುಗಾಳಿ, ಒಂದೇ ಚಳಿ.

ಒಟ್ಟಿಗೆ ಬಿದ್ದರೆ ಎತ್ತುವವರಾರು?

ಇಷ್ಟೆಲ್ಲ ತಿಳಿದು ಪ್ರಯೋಜನವೇನು ಎಂದು ಕೇಳುವವರಿದ್ದಾರೆ. ಹಿಮಮೊಲವನ್ನೇ ನಂಬಿದ್ದ ಉತ್ತರದ ಮೂಲನಿವಾಸಿಗಳಿಗೆ ಈ ಪ್ರಶ್ನೆ ಬೇಕಿರಲಿಲ್ಲ. ಮೊಲ ಅವರಿಗೆ ಆಹಾರ, ಮೊಲದ ಚರ್ಮ ಹೊದಿಕೆ. ಮೊಲ ಮುಗಿದ ವರ್ಷ ಕೈಗೆ ಊಟವೂ ಇಲ್ಲ, ಮಾರಲು ಲಿಂಕ್ಸ್ ಚರ್ಮವೂ ಇಲ್ಲ. ತಮ್ಮೂರಿನಲ್ಲಿ ಮಾತ್ರ ಬರ ಬಂದಿದ್ದರೆ ಪಕ್ಕದೂರಿನ ನೆಂಟರ ಮನೆಗೆ ಹೋಗಬಹುದಿತ್ತು. ನೂರಾರು ಮೈಲಿ ಸುತ್ತಲೂ ಬರ ಬಂದಾಗ ಹೋಗುವುದೆಲ್ಲಿಗೆ? ಕಂಪೆನಿಯ ಠಾಣೆಗಳ ದಾಖಲೆಗಳಲ್ಲಿ ಇಂಥ ವರ್ಷಗಳ ಹಸಿವಿನ ಸುದ್ದಿಯೂ ಇದೆ.

ಪ್ರಾಣಿಗಳಿಗೂ ಇದೇ ನ್ಯಾಯ. ಹತ್ತು ಕಾಡುಗಳಲ್ಲಿ ಒಂದು ಬರಿದಾದರೆ ಉಳಿದ ಒಂಬತ್ತರಿಂದ ವಲಸೆ ಬಂದು ತುಂಬುತ್ತದೆ. ಹತ್ತೂ ಒಟ್ಟಿಗೆ ಬರಿದಾದರೆ ತುಂಬುವವರಿಲ್ಲ. ಆದ್ದರಿಂದಲೇ ಅಳಿವಿನ ಅಂಚಿನಲ್ಲಿರುವ ಪ್ರಾಣಿಯ ವಿಷಯದಲ್ಲಿ ಒಟ್ಟು ಎಷ್ಟು ಉಳಿದಿವೆ ಎಂಬುದಷ್ಟೇ ಅಲ್ಲ, ಬೇರೆ ಬೇರೆ ನೆಲೆಗಳಲ್ಲಿರುವವು ಒಟ್ಟಿಗೆ ಬೀಳುತ್ತವೆಯೋ ಬೇರೆ ಬೇರೆಯಾಗಿಯೋ ಎಂಬುದನ್ನೂ ವಿಜ್ಞಾನಿಗಳು ನೋಡುತ್ತಾರೆ. ಲಿಂಕ್ಸ್‌ನ ಸಂಖ್ಯೆ ಕುಸಿಯುವ ವರ್ಷಗಳಲ್ಲಿ ಬೋನು ಒಡ್ಡುವುದನ್ನು ನಿಲ್ಲಿಸಬೇಕು ಅಥವಾ ಮಿತಗೊಳಿಸಬೇಕು ಎಂಬ ಸಲಹೆ ಬಂದದ್ದೂ ಈ ಕಾರಣದಿಂದಲೇ. ಆಗ ಉಳಿಯುವ ನಾಲ್ಕಾರು ಪ್ರಾಣಿಗಳೇ ಮುಂದಿನ ಏರಿಕೆಯ ಬಿತ್ತನೆ ಬೀಜ.

ಈಗ ಇನ್ನೊಂದು ಚಿಂತೆಯೂ ಸೇರಿಕೊಂಡಿದೆ. ಕೆಲವು ಕಡೆ ತಾಳವೇ ಕೆಡುತ್ತಿದೆ. ನಾರ್ವೆಯ ಪರ್ವತಗಳಲ್ಲಿ ಲೆಮಿಂಗ್ ಎಂಬ ಇಲಿಯಂಥ ಪ್ರಾಣಿ ಮೂರರಿಂದ ಐದು ವರ್ಷಕ್ಕೊಮ್ಮೆ ವಿಪರೀತ ಹೆಚ್ಚುತ್ತಿತ್ತು. ದಕ್ಷಿಣ ನಾರ್ವೆಯ ಫಿನ್ಸೆ ಎಂಬಲ್ಲಿ 1994ರ ಬಳಿಕ ಹಲವು ವರ್ಷ ಆ ಅಬ್ಬರ ಕಾಣಲಿಲ್ಲ. ಚಳಿಗಾಲದಲ್ಲಿ ಹಿಮದ ಹೊದಿಕೆಯ ಕೆಳಗೆ, ನೆಲಕ್ಕೂ ಹಿಮಕ್ಕೂ ನಡುವೆ ಉಳಿಯುವ ಬೆಚ್ಚನೆಯ ಪೊಳ್ಳು ಜಾಗವೇ ಲೆಮಿಂಗ್‌ನ ಮನೆ. ಚಳಿಗಾಲ ಬಿಸಿಯಾದಂತೆ ಹಿಮ ಕರಗಿ ಮತ್ತೆ ಹೆಪ್ಪುಗಟ್ಟಿ ಆ ಜಾಗ ಮುಚ್ಚಿಹೋಗುತ್ತದೆ ಎಂದು 2008ರ ಅಧ್ಯಯನವೊಂದು ಕಾರಣ ಕೊಟ್ಟಿತು. ಯೂರೋಪಿನ ಹಲವೆಡೆ ಹೊಲದಿಲಿಗಳ ಏರಿಳಿತವೂ ಮಂಕಾಗಿರುವುದನ್ನು 2013ರಲ್ಲಿ ಸಂಶೋಧಕರು ತೋರಿಸಿದರು. ಇಲಿ ಹೆಚ್ಚದಿದ್ದರೆ ಒಳ್ಳೆಯದೇ ಅಲ್ಲವೆ ಎನ್ನಿಸಬಹುದು. ಆದರೆ ಆ ಸುಗ್ಗಿಯ ವರ್ಷಕ್ಕಾಗಿಯೇ ಕಾದು ಮರಿ ಮಾಡುವ ಗೂಬೆ, ನರಿಗಳಿಗೆ ಅದು ಬಾರದ ಮಳೆಗಾಲದಂತೆ.

ಶತ್ರುವನ್ನು ಒಟ್ಟಿಗೆ ಬೀಳಿಸುವ ಉಪಾಯ

ಒಟ್ಟಿಗೆ ಬೀಳುವುದು ಲಿಂಕ್ಸ್‌ಗೆ ಅಪಾಯವಾದರೆ, ನಾಶವಾಗಲೇಬೇಕಾದ ಜೀವಿಯೊಂದನ್ನು ಒಟ್ಟಿಗೆ ಬೀಳಿಸಿದರೆ ಹೇಗೆ? ಈ ತರ್ಕವನ್ನು ನಮ್ಮ ದೇಶದ ಮನೆಮನೆಯೂ ಕಂಡಿದೆ. 1995ರ ಡಿಸೆಂಬರಿನಲ್ಲಿ ಭಾರತದಲ್ಲಿ ಪಲ್ಸ್ ಪೋಲಿಯೊ ಆರಂಭವಾದಾಗ, ಒಮ್ಮೆ ಹನಿ ಹಾಕಿಸಿದ ಮಗುವಿಗೆ ಮತ್ತೇಕೆ, ಅದೂ ದೇಶಕ್ಕೆಲ್ಲ ಒಂದೇ ದಿನವೇಕೆ ಎಂದು ಎಷ್ಟೋ ತಾಯಂದಿರು ಕೇಳಿದ್ದರು. ಪೋಲಿಯೊ ವೈರಸ್ ಬದುಕುವುದು ಮನುಷ್ಯರಲ್ಲಿ, ಮುಖ್ಯವಾಗಿ ಮಕ್ಕಳ ಕರುಳಿನಲ್ಲಿ. ಈ ತಿಂಗಳು ಒಂದು ಊರಿನಲ್ಲಿ, ಮುಂದಿನ ತಿಂಗಳು ಇನ್ನೊಂದು ಊರಿನಲ್ಲಿ ಹನಿ ಹಾಕಿದರೆ ಅದು ಊರಿಂದೂರಿಗೆ ದಾಟಿಕೊಂಡು ಉಳಿಯಬಲ್ಲದು. ಎಲ್ಲ ಊರುಗಳಲ್ಲೂ ಒಂದೇ ಸಲ ಅದಕ್ಕೆ ಜಾಗ ಇಲ್ಲದಂತೆ ಮಾಡಿದರೆ ಓಡಿಹೋಗಲು ನೆರೆಮನೆಯೇ ಇರುವುದಿಲ್ಲ. ದೇಶದಲ್ಲಿ ಪೋಲಿಯೊದ ಕೊನೆಯ ಸಹಜ ಪ್ರಕರಣ ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ 2011ರ ಜನವರಿಯಲ್ಲಿ ಕಂಡುಬಂತು. 2014ರ ಮಾರ್ಚ್ 27ರಂದು ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿದಂತೆ ಆಗ್ನೇಯ ಏಷ್ಯಾ ವಲಯವನ್ನು ಪೋಲಿಯೊ ಮುಕ್ತವೆಂದು ಸಾರಿತು. ಮಗುವನ್ನು ಸೊಂಟದ ಮೇಲೆ ಎತ್ತಿಕೊಂಡು ಅದೇ ಭಾನುವಾರವೇ ಬೂತಿಗೆ ಹೋದ ತಾಯಂದಿರ ಪಾಲು ಈ ಗೆಲುವಿನಲ್ಲಿ ದೊಡ್ಡದು.

ಇಷ್ಟಕ್ಕೂ ಈ ವಿದ್ಯೆಯೆಲ್ಲ ಹುಟ್ಟಿದ್ದು ಗುಮಾಸ್ತರ ಪುಸ್ತಕದಿಂದ. 1832ರ ಒಂದು ವರ್ಷದ ಲೆಕ್ಕ ಮಾತ್ರ ಕೈಯಲ್ಲಿದ್ದರೆ ಲಿಂಕ್ಸ್ ಅಳಿಯಿತು ಎಂದು ಬರೆಯಬೇಕಾಗುತ್ತಿತ್ತು. 1828ರದು ಮಾತ್ರ ಇದ್ದರೆ ಲಿಂಕ್ಸ್‌ಗೆ ಕೊರತೆಯೇ ಇಲ್ಲ ಎಂದು ನಂಬಬೇಕಾಗುತ್ತಿತ್ತು. ಮೆಕೆಂಜಿ ಪ್ರದೇಶದ್ದು 1821ರಿಂದ 1934ರವರೆಗೆ 114 ವರ್ಷಗಳ ಲೆಕ್ಕ ಇದ್ದುದರಿಂದ ಎರಡೂ ತಪ್ಪೆಂದು ತಿಳಿಯಿತು. ಒಂದು ವರ್ಷದ ಎಣಿಕೆ ಸುಳ್ಳು ಹೇಳಬಲ್ಲದು, ಬಹುವರ್ಷದ ಎಣಿಕೆ ಗುಟ್ಟು ಬಿಟ್ಟುಕೊಡುತ್ತದೆ.

ಇದನ್ನು ಕೆನಡಾಕ್ಕೇ ಬಿಡಬೇಕಾಗಿಲ್ಲ. ಶಾಲೆಯ ಅಂಗಳದ ಮರವೊಂದರ ಮೇಲೆ ಪ್ರತಿ ವರ್ಷ ಅದೇ ವಾರ ಎಷ್ಟು ಕಂಬಳಿಹುಳು ಕಂಡವು, ಮೊದಲ ಮಳೆಯ ರಾತ್ರಿ ಕೆರೆಯಂಚಿನಲ್ಲಿ ಎಷ್ಟು ಕಪ್ಪೆ ಕೂಗಿದವು ಎಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ತಾರೀಖು ಸಮೇತ ಬರೆದಿಡಬಹುದು. ಈ ವರ್ಷದ ಏಳನೆಯ ತರಗತಿ ಬರೆದದ್ದನ್ನು ಮುಂದಿನ ವರ್ಷದ ಏಳನೆಯ ತರಗತಿಗೆ ದಾಟಿಸಬೇಕು, ಅಷ್ಟೇ. ಒಂದು ಶಾಲೆ ಬರೆದರೆ ಏರಿಳಿತ ಕಾಣುತ್ತದೆ. ನಾಲ್ಕು ಊರಿನ ಶಾಲೆಗಳು ಬರೆದು ಪಕ್ಕಪಕ್ಕದಲ್ಲಿಟ್ಟರೆ, ಅವು ಒಟ್ಟಿಗೆ ಏಳುತ್ತಿವೆಯೋ ಇಲ್ಲವೋ ಎಂಬುದೂ ಕಾಣುತ್ತದೆ.